ಚಂದಾ, ಭೋಗ್ಯ, ಕ್ರಯ: ಪುಟ ಕಟ್ಟುವ ತಂತ್ರಾಂಶಗಳ ವಿಚಾರ

ವಾರಪತ್ರಿಕೆಗೆ ಚಂದಾದಾರರಾದವರು ಒಂದು ವರ್ಷ ಹಣ ಕಟ್ಟದೆ ಬಿಟ್ಟರೆ ಏನಾಗುತ್ತದೆ? ಹೊಸ ಸಂಚಿಕೆ ಬರುವುದು ನಿಲ್ಲುತ್ತದೆ, ಅಷ್ಟೆ. ಅಟ್ಟದ ಮೇಲೆ ಕಟ್ಟಿಟ್ಟಿರುವ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಹೊತ್ತುಕೊಂಡು ಹೋಗುವುದಿಲ್ಲ. ಅವುಗಳ ಅಂಚಿನಲ್ಲಿ ನಾವು ಬರೆದಿಟ್ಟ ಟಿಪ್ಪಣಿಗಳಿಗೆ ಯಾರೂ ಬೀಗ ಹಾಕುವುದಿಲ್ಲ. ಚಂದಾ ಎಂಬ ಮಾತಿಗೆ ನಾವು ತಲೆಮಾರುಗಳಿಂದ ತಿಳಿದುಕೊಂಡು ಬಂದಿರುವ ಅರ್ಥ ಇದು. ಇದೇ ಮಾತು ಈಗ ಗಣಕಯಂತ್ರದ ವ್ಯವಹಾರಕ್ಕೂ ಬಂದಿದೆ. ಅಲ್ಲಿ ಅದರ ಅರ್ಥ ಬೇರೆ. ಆ ಬೇರೆಯ ಅರ್ಥ ನಮ್ಮ ಪುಸ್ತಕಗಳಿಗೂ ಸಣ್ಣ ಪತ್ರಿಕೆಗಳಿಗೂ ಹೇಗೆ ತಟ್ಟುತ್ತದೆ, ಅದರಿಂದ ಹೊರಬರಬೇಕೆನ್ನುವವರಿಗೆ ಇರುವ ದಾರಿಗಳು ಯಾವುವು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ನಿವೇದಿಸಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೇಳುಗರು ಕೇಳಬಹುದು. ನಿವೃತ್ತನಾದ ಮೇಲೆ ನಮ್ಮ ಊರಿನ ಸಣ್ಣ ಸಂಘವೊಂದರ ಪ್ರಕಟಣೆಗಳನ್ನು ಸಂಪಾದಿಸುವ ಭಾರ ನನ್ನ ಮೇಲೆ ಬಿತ್ತು. ಹಸ್ತಪ್ರತಿ ತಿದ್ದುವುದು ನನಗೆ ಅಭ್ಯಾಸವಾದ ಕೆಲಸವೇ. ಆದರೆ ಹಸ್ತಪ್ರತಿಗೂ ಅಚ್ಚಾದ ಪುಸ್ತಕಕ್ಕೂ ನಡುವೆ ಪುಟ ಕಟ್ಟುವುದು ಎಂಬ ಒಂದು ಘಟ್ಟವಿದೆ. ಹಿಂದೆ ಅದನ್ನು ಮೊಳೆ ಜೋಡಿಸುವವರು ಮಾಡುತ್ತಿದ್ದರು. ಸೀಸದ ಮೊಳೆಗಳು, ಅವುಗಳ ಮರದ ಗೂಡುಗಳು, ಅಚ್ಚಿನ ಯಂತ್ರ ಎಲ್ಲವೂ ಮುದ್ರಣಾಲಯದ ಒಡೆಯನ ಸ್ವತ್ತು. ಮೊಳೆ ಸವೆಯುತ್ತಿತ್ತು, ಕರಗಿಸಿ ಮತ್ತೆ ಎರೆಯಬೇಕಾಗುತ್ತಿತ್ತು. ಆದರೆ ಮೊಳೆ ಎರೆದುಕೊಟ್ಟವನು ಪ್ರತಿ ತಿಂಗಳು ಬಂದು, ಹಣ ಕೊಡದಿದ್ದರೆ ಗೂಡಿಗೆ ಬೀಗ ಜಡಿಯುತ್ತೇನೆ ಎನ್ನುತ್ತಿರಲಿಲ್ಲ. ಈಗ ಮೊಳೆಯ ಸ್ಥಾನದಲ್ಲಿ ತಂತ್ರಾಂಶ ಬಂದು ಕುಳಿತಿದೆ. ಆ ತಂತ್ರಾಂಶದ ಒಡೆಯ ಯಾರು ಎಂಬುದೇ ಪ್ರಶ್ನೆ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಮೇಜಿನ ಮೇಲಿನ ಗಣಕದಲ್ಲಿ ಪುಟ ಕಟ್ಟುವ ಕೆಲಸವನ್ನು ಲೋಕಕ್ಕೆ ಪರಿಚಯಿಸಿದ್ದು 1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ಹೊರತಂದ ಪೇಜ್‌ಮೇಕರ್. ಪುರಾತನ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಶಿಯಸ್‌ನ ಹೆಸರನ್ನು ಆ ಸಂಸ್ಥೆ ಇಟ್ಟುಕೊಂಡಿತ್ತು. 1994ರಲ್ಲಿ ಅಡೋಬಿ ಸಂಸ್ಥೆ ಅದನ್ನು ಕೊಂಡಿತು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯ ಆವೃತ್ತಿ. ಅಷ್ಟರಲ್ಲಿ, ಅಂದರೆ 1999ರಲ್ಲಿ, ಅಡೋಬಿಯವರ ಇನ್‌ಡಿಸೈನ್ ಹುಟ್ಟಿತ್ತು. ಆದರೂ ಕರ್ನಾಟಕದ ಊರೂರುಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಪೇಜ್‌ಮೇಕರ್ ಬಹುಕಾಲ ಬಾಳಿತು. ಲಗ್ನಪತ್ರಿಕೆ, ಕವನಸಂಕಲನ, ಕಾಲೇಜಿನ ವಾರ್ಷಿಕ ಸಂಚಿಕೆ ಎಲ್ಲವೂ ಅದರಲ್ಲೇ ಆದವು. ಆ ಅಂಗಡಿಗಳಲ್ಲಿದ್ದ ಪ್ರತಿಗಳಲ್ಲಿ ಎಷ್ಟು ಹಣ ಕೊಟ್ಟು ಕೊಂಡವು, ಎಷ್ಟು ನಕಲು ಮಾಡಿಕೊಂಡವು ಎಂಬುದನ್ನು ಕೆದಕುವುದು ಬೇಡ. ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಪೇಜ್‌ಮೇಕರಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಗುಡಿಸು, ಒತ್ತು ಮುಂತಾದ ತುಂಡುಗಳನ್ನು ಕೂಡಿಸಿ ಫಾಂಟುಗಳನ್ನು ಸಿದ್ಧಪಡಿಸಿದರು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಹೊಟ್ಟೆಯಲ್ಲಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಉಪಾಯ ಜಾಣತನದ್ದು, ಅದರಿಂದ ಆದ ಉಪಕಾರ ದೊಡ್ಡದು. ಆದರೆ ಆ ಫಾಂಟು ಕಳೆದುಹೋದರೆ ಪುಸ್ತಕವೇ ಕಳೆದುಹೋದಂತೆ. ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಟ್ಟ ಯೂನಿಕೋಡ್ ಬಂದ ಮೇಲೂ ಪುಟ ಕಟ್ಟುವವರು ಹಳೆಯ ಉಪಾಯವನ್ನು ಬಿಡಲಾಗಲಿಲ್ಲ. ಅವರ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಜೋಡಿಸುತ್ತಿರಲಿಲ್ಲ. ಇನ್‌ಡಿಸೈನಿನಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಅಧಿಕೃತವಾಗಿ ಸ್ಥಾನ ದೊರೆತದ್ದು 2012ರ ಸಿ.ಎಸ್. 6 ಎಂಬ ಆವೃತ್ತಿಯಲ್ಲಿ.

ಇಲ್ಲಿ ವಿಧಿಯ ಒಂದು ವಿನೋದವಿದೆ. ಸಿ.ಎಸ್. 6 ಕನ್ನಡವನ್ನು ಒಳಕ್ಕೆ ಬಿಟ್ಟುಕೊಂಡ ಆವೃತ್ತಿ. ಅಡೋಬಿಯವರು ಒಂದೇ ಸಲ ಹಣ ಪಡೆದು ಮಾರಿದ ಕೊನೆಯ ಆವೃತ್ತಿಯೂ ಅದೇ. 2013ರ ಮೇ ತಿಂಗಳಲ್ಲಿ ಆ ಸಂಸ್ಥೆ, ಇನ್ನು ಮುಂದಿನ ಆವೃತ್ತಿಗಳೆಲ್ಲ ಕ್ರಿಯೇಟಿವ್ ಕ್ಲೌಡ್ ಎಂಬ ಚಂದಾ ಪದ್ಧತಿಯಲ್ಲಿ ಮಾತ್ರ ಎಂದು ಸಾರಿತು. ನಮಗೆ ಬಾಗಿಲು ತೆರೆದ ಮರುವರ್ಷವೇ ಆ ಮನೆ ಬಾಡಿಗೆಗೆ ಹೋಯಿತು. ಇನ್ನೂ ಒಂದು ಮಾತಿದೆ. ಸಿ.ಎಸ್. 6ರವರೆಗಿನ ಇನ್‌ಡಿಸೈನ್ ಹಳೆಯ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು. ಚಂದಾದ ಇನ್‌ಡಿಸೈನ್ ಅವನ್ನು ತೆರೆಯುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಸಣ್ಣ ಪತ್ರಿಕೆಗಳು ಹೊರತಂದ ವಿಶೇಷಾಂಕಗಳ ಮೂಲ ಕಡತಗಳು ಎಲ್ಲಾದರೂ ಉಳಿದಿದ್ದರೆ, ತಿಂಗಳು ತಿಂಗಳು ಹಣ ತೆತ್ತು ಪಡೆದ ಹೊಸ ತಂತ್ರಾಂಶದಲ್ಲಿ ಅವು ತೆರೆಯಲಾರವು.

ಈಗ ಲೆಕ್ಕವನ್ನು ನೋಡೋಣ. ಅಮೆರಿಕದಲ್ಲಿ ಸಿ.ಎಸ್. 6ರ ಡಿಸೈನ್ ಸ್ಟ್ಯಾಂಡರ್ಡ್ ಎಂಬ ಕಟ್ಟಿಗೆ, ಅಂದರೆ ಪುಟ ಕಟ್ಟುವ, ಚಿತ್ರ ಬರೆಯುವ, ಛಾಯಾಚಿತ್ರ ತಿದ್ದುವ ಸಾಧನಗಳು ಸೇರಿದ್ದಕ್ಕೆ, 1,299 ಡಾಲರ್ ಬೆಲೆಯಿತ್ತು. ವರ್ಷದ ಕರಾರಿನ ಚಂದಾ ಆರಂಭದಲ್ಲಿ ತಿಂಗಳಿಗೆ ಸುಮಾರು 50 ಡಾಲರ್, ಎಂದರೆ ವರ್ಷಕ್ಕೆ 600. ಈ ಚಂದಾಕ್ಕೆ ಇನ್ನೂ ಹೆಚ್ಚು ಸಾಧನಗಳು ದೊರೆಯುತ್ತಿದ್ದವು ಎಂಬುದು ನಿಜ. ಆದರೆ ಮೂರೇ ಸಾಧನ ಸಾಕೆನ್ನುವವನಿಗೆ ಎರಡು ವರ್ಷ ಎರಡು ತಿಂಗಳಲ್ಲಿ ಹಳೆಯ ಬೆಲೆ ಮುಟ್ಟಿಬಿಡುತ್ತದೆ. ಅಲ್ಲಿಂದ ಮುಂದೆ ಕಟ್ಟಿದ್ದೆಲ್ಲ ಹೆಚ್ಚುವರಿ. ನ್ಯಾಯವಾಗಿ ಹೇಳಬೇಕಾದರೆ ಚಂದಾ ಪದ್ಧತಿಯಲ್ಲಿ ಗುಣವಿಲ್ಲದೆ ಇಲ್ಲ. ದೊಡ್ಡ ಮೊತ್ತವನ್ನು ಒಮ್ಮೆಗೇ ತೆರಲಾರದ ಯುವಕ ಮೊದಲ ತಿಂಗಳ ಹಣ ಕೊಟ್ಟು ಕೆಲಸ ಆರಂಭಿಸಬಹುದು. ಹೊಸ ಹೊಸ ತಿದ್ದುಪಡಿಗಳು ತಾವಾಗಿಯೇ ಬರುತ್ತವೆ. ದಿನವೂ ಪುಟ ಕಟ್ಟುವ ದೊಡ್ಡ ದಿನಪತ್ರಿಕೆಗೆ ಈ ಹಣ ಶಾಯಿಯ ಖರ್ಚಿನ ಹಾಗೆ. ಆದರೆ ಸಣ್ಣ ಊರಿನ ಪುಟವಿನ್ಯಾಸಕನ ಸುಗ್ಗಿ ಇರುವುದು ರಾಜ್ಯೋತ್ಸವದ ಆಸುಪಾಸಿನಲ್ಲಿ, ಸಮ್ಮೇಳನದ ಮುನ್ನಾದಿನಗಳಲ್ಲಿ, ಮದುವೆಯ ತಿಂಗಳುಗಳಲ್ಲಿ. ಆಷಾಢದಲ್ಲಿ ಅವನ ಅಂಗಡಿಗೆ ಯಾರೂ ಬರುವುದಿಲ್ಲ. ಚಂದಾಕ್ಕೆ ಆಷಾಢವಿಲ್ಲ. ವರ್ಷದ ಕರಾರಿಗೆ ಒಪ್ಪಿ ತಿಂಗಳ ಕಂತು ಕಟ್ಟುವವನು ನಡುವೆ ಬಿಡಲು ಹೊರಟರೆ ಉಳಿದ ಕಂತುಗಳ ಅರ್ಧದಷ್ಟನ್ನು ದಂಡವಾಗಿ ತೆರಬೇಕೆಂಬ ಷರತ್ತನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಮರೆಮಾಡಲಾಗಿದೆ ಎಂದು ಆಪಾದಿಸಿ, 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವೇ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು.

ಹಣದ ಮಾತು ಹೇಗೂ ಇರಲಿ. ನನ್ನ ಮಟ್ಟಿಗೆ ಅದು ಎರಡನೆಯದು. ಚಂದಾ ನಿಂತ ದಿನ ಕಡತಗಳು ನಮ್ಮ ಗಣಕದಲ್ಲೇ ಇರುತ್ತವೆ, ಅವನ್ನು ಯಾರೂ ಅಳಿಸುವುದಿಲ್ಲ. ಆದರೆ ತೆರೆಯುವ ಕೈ ಇರುವುದಿಲ್ಲ. ಪೆಟ್ಟಿಗೆ ನಮ್ಮದು, ಬೀಗದಕೈ ಬಾಡಿಗೆಯದು. 2019ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷರ ಆಜ್ಞೆಯೊಂದನ್ನು ಪಾಲಿಸುವ ಸಲುವಾಗಿ ವೆನಿಜುವೆಲ ದೇಶದ ಎಲ್ಲ ಗ್ರಾಹಕರ ಖಾತೆಗಳನ್ನು ಮುಚ್ಚುವುದಾಗಿ ಅಡೋಬಿ ಪ್ರಕಟಿಸಿತು. ಅಲ್ಲಿನ ಚಿತ್ರಕಾರರು, ಪುಸ್ತಕ ಮಾಡುವವರು ಹಣ ಕಟ್ಟಿಯೂ ಮೂರು ವಾರ ತೊಳಲಾಡಿದರು. ಕೊನೆಯ ಗಳಿಗೆಯಲ್ಲಿ ಸರ್ಕಾರದ ವಿಶೇಷ ಅನುಮತಿ ದೊರೆತು ಆ ಕ್ರಮ ಜಾರಿಯಾಗಲಿಲ್ಲ. 2022ರ ನವೆಂಬರಿನಲ್ಲಿ ಇನ್ನೊಂದು ಬಗೆಯ ಪ್ರಸಂಗ ನಡೆಯಿತು. ಮುದ್ರಕರು ಬಣ್ಣ ಗುರುತಿಸಲು ಬಳಸುವ ಪ್ಯಾಂಟೋನ್ ಪಟ್ಟಿಯ ಬಹುಭಾಗವನ್ನು, ಆ ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಬದಲಾದ ಕಾರಣ, ಅಡೋಬಿಯ ತಂತ್ರಾಂಶಗಳಿಂದ ತೆಗೆಯಲಾಯಿತು. ವರ್ಷಗಳ ಹಿಂದೆ ಮಾಡಿಟ್ಟ ಚಿತ್ರವನ್ನು ತೆರೆದವರಿಗೆ ಕೆಂಪು ನೀಲಿಗಳಿದ್ದ ಜಾಗದಲ್ಲಿ ಕಪ್ಪು ಕಂಡಿತು. ಆ ಬಣ್ಣ ಬೇಕೆಂದರೆ ಪ್ಯಾಂಟೋನಿಗೆ ಬೇರೊಂದು ಚಂದಾ. ಇವೆರಡು ಪ್ರಸಂಗಗಳಲ್ಲಿ ಬಳಸುವವನ ಅಪರಾಧವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಒಂದೇ ಸಲ ಹಣ ಕೊಟ್ಟು ಕೊಂಡರೆ ಎಲ್ಲ ಸರಿಹೋಯಿತೆ? ಇಲ್ಲಿ ನಮ್ಮ ಹಳೆಯ ಪತ್ರವ್ಯವಹಾರದ ಮಾತುಗಳು ಸಹಾಯಕ್ಕೆ ಬರುತ್ತವೆ. ನಮ್ಮಲ್ಲಿ ಬಾಡಿಗೆ ಬೇರೆ, ಭೋಗ್ಯ ಬೇರೆ, ಕ್ರಯ ಬೇರೆ. ಬಾಡಿಗೆ ತಿಂಗಳು ತಿಂಗಳು ಕೊಡುವುದು. ಭೋಗ್ಯದಲ್ಲಿ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮನೆಯನ್ನು ಅನುಭವಿಸುತ್ತೇವೆ; ಮನೆ ಮಾತ್ರ ನಮ್ಮದಾಗುವುದಿಲ್ಲ. ಕ್ರಯಪತ್ರವಾದರೆ ಮನೆಯೇ ನಮ್ಮದು, ಗೋಡೆ ಒಡೆದು ಕಟ್ಟಿಕೊಳ್ಳಬಹುದು, ಮಗನಿಗೆ ಕೊಡಬಹುದು. ಒಂದೇ ಸಲ ಹಣ ಕೊಟ್ಟು ಪಡೆಯುವ ತಂತ್ರಾಂಶವನ್ನು ಜನ ಕ್ರಯವೆಂದು ತಿಳಿದಿದ್ದಾರೆ. ಅದು ನಿಜವಾಗಿ ಭೋಗ್ಯಕ್ಕೆ ಹತ್ತಿರದ್ದು: ಕಾಲಮಿತಿಯಿಲ್ಲದ ಬಳಕೆಯ ಪರವಾನಗಿ, ಅಷ್ಟೆ. ಭೋಗ್ಯದ ಹಣವಾದರೂ ಮನೆ ಬಿಡುವಾಗ ಹಿಂದಕ್ಕೆ ಬರುತ್ತದೆ, ಇಲ್ಲಿ ಅದೂ ಇಲ್ಲ! ಹೀಗೆ ಕೊಂಡ ಸಿ.ಎಸ್. 6ರ ಗತಿಯನ್ನೇ ನೋಡಿ. ಪರವಾನಗಿ ಶಾಶ್ವತವಾದದ್ದೇ. ಆದರೆ 2019ರಲ್ಲಿ ಆಪಲ್ ಸಂಸ್ಥೆ ತನ್ನ ಗಣಕಗಳ ಕಾರ್ಯವ್ಯವಸ್ಥೆಯಿಂದ ಹಳೆಯ 32 ಬಿಟ್ಟಿನ ತಂತ್ರಾಂಶಗಳನ್ನು ಹೊರಹಾಕಿದಾಗ, ಆ ಗಣಕಗಳಲ್ಲಿ ಸಿ.ಎಸ್. 6ರ ಬಾಳು ಮುಗಿಯಿತು. ಮನೆ ನಮ್ಮ ಅನುಭವದಲ್ಲೇ ಇದೆ, ಹೋಗುವ ರಸ್ತೆಯನ್ನು ಕಿತ್ತರು.

ಈ ಎಚ್ಚರದೊಡನೆ, ಇರುವ ದಾರಿಗಳನ್ನು ನೋಡಬಹುದು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಅಫಿನಿಟಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸೆರಗಿನಲ್ಲಿ 1987ರಿಂದ ಇದ್ದ ಸೆರಿಫ್ ಎಂಬ ಸಣ್ಣ ಸಂಸ್ಥೆ 2014ರಲ್ಲಿ ಚಿತ್ರ ಬರೆಯುವ ಅಫಿನಿಟಿ ಡಿಸೈನರನ್ನೂ, 2015ರಲ್ಲಿ ಛಾಯಾಚಿತ್ರದ ಸಾಧನವನ್ನೂ, 2019ರಲ್ಲಿ ಪುಟ ಕಟ್ಟುವ ಪಬ್ಲಿಷರನ್ನೂ ಹೊರತಂದಿತು. ಒಂದೊಂದಕ್ಕೆ ಸುಮಾರು 50 ಡಾಲರ್, ಒಂದೇ ಸಲ. ಅಡೋಬಿಯ ಒಂದು ತಿಂಗಳ ಪೂರ್ಣ ಚಂದಾದ ಹಣಕ್ಕೆ ಒಂದು ಸಾಧನ ಕೈಗೆ ಬರುತ್ತಿತ್ತು. ಚಂದಾ ಬೇಡ ಎಂಬುದೇ ಅವರ ಘೋಷವಾಯಿತು. ಬೇಸತ್ತಿದ್ದ ಜನ ಗುಂಪುಗುಂಪಾಗಿ ಹೋದರು. 2024ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯದ ಕ್ಯಾನ್ವಾ ಸಂಸ್ಥೆ ಸೆರಿಫನ್ನೇ ಕೊಂಡಿತು. 2025ರ ಅಕ್ಟೋಬರ್ 30ರಂದು ಮೂರು ಸಾಧನಗಳೂ ಕೂಡಿ ಒಂದೇ ಅಫಿನಿಟಿಯಾಗಿ, ಕ್ಯಾನ್ವಾದಲ್ಲಿ ಖಾತೆ ತೆರೆದವರಿಗೆಲ್ಲ ಉಚಿತವೆಂದು ಪ್ರಕಟವಾಯಿತು. ಯಂತ್ರಬುದ್ಧಿಯ ಕೆಲವು ಸೌಕರ್ಯಗಳು ಮಾತ್ರ ಕ್ಯಾನ್ವಾಕ್ಕೆ ಚಂದಾ ಕೊಡುವವರಿಗೆ. ಹಿಂದೆ ಕೊಂಡವರು ತಮ್ಮ ಎರಡನೆಯ ಆವೃತ್ತಿಯನ್ನು ಬಳಸುತ್ತಿರಬಹುದು, ಆದರೆ ಅದಕ್ಕೆ ಹೊಸ ಸೌಕರ್ಯಗಳು ಬರುವುದಿಲ್ಲ. ಕ್ರಯಕ್ಕೆ ಹೆಸರಾಗಿದ್ದ ಅಂಗಡಿಯಲ್ಲಿ ಕೊಳ್ಳುವ ವ್ಯವಹಾರವೇ ಮುಗಿಯಿತು. ಉಚಿತವೆಂದರೆ ಸಂತೋಷವೇ. ಆದರೆ ಹಣ ಕೊಟ್ಟವನಿಗೆ ಕೇಳುವ ಹಕ್ಕೊಂದು ಇರುತ್ತದೆ; ಛತ್ರದಲ್ಲಿ ಇಳಿದುಕೊಂಡವನು ಛತ್ರದವರ ಮರ್ಜಿಯಲ್ಲಿ ಇರಬೇಕು. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಅಫಿನಿಟಿಯ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇನ್‌ಡಿಸೈನಿನಿಂದ ಹೊರತೆಗೆಯಬಹುದಾದ ಐ.ಡಿ.ಎಂ.ಎಲ್. ಎಂಬ ಬಗೆಯ ಕಡತಗಳನ್ನು ಪಬ್ಲಿಷರ್ 2020ರಿಂದ ಒಳಕ್ಕೆ ತೆಗೆದುಕೊಳ್ಳುತ್ತಿತ್ತು. ಆದರೆ ಸೆರಿಫ್ ಮಾರಿದ ಎರಡು ಆವೃತ್ತಿಗಳಲ್ಲೂ ಅದೇ ಬಗೆಯಲ್ಲಿ ಹೊರಕ್ಕೆ ಕೊಡುವ ಏರ್ಪಾಡು ಇರಲಿಲ್ಲ. ಒಳಬರುವ ಬಾಗಿಲು ಅಗಲ, ಹೊರಹೋಗುವ ಬಾಗಿಲು ಇಲ್ಲ. ಚಂದಾ ಇಲ್ಲದಿದ್ದರೂ ಬೀಗದಕೈ ಪರರದೇ ಆಗಿರಬಹುದೆಂಬುದಕ್ಕೆ ಇದು ನಿದರ್ಶನ.

ಕ್ರಯವೆಂಬ ಮಾತಿಗೆ ನಿಜವಾಗಿ ಹತ್ತಿರ ಬರುವುದು, ಸೋಜಿಗವೆನಿಸಬಹುದು, ಹಣವೇ ಕೊಡದೆ ಪಡೆಯುವ ಸ್ವತಂತ್ರ ತಂತ್ರಾಂಶಗಳು. 2001ರಲ್ಲಿ ಫ್ರಾಂಟ್ಸ್ ಶ್ಮಿಟ್ ಎಂಬವರು ಆರಂಭಿಸಿದ ಸ್ಕ್ರೈಬಸ್ ಪುಟ ಕಟ್ಟುವುದಕ್ಕೆ; 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ರೇಖಾಚಿತ್ರಕ್ಕೆ, ಮುಖಪುಟಕ್ಕೆ; ಗಿಂಪ್ ಛಾಯಾಚಿತ್ರಕ್ಕೆ. ಛತ್ರದ ಉಚಿತಕ್ಕೂ ಇವುಗಳ ಉಚಿತಕ್ಕೂ ಅಜಗಜಾಂತರವಿದೆ. ಇವುಗಳ ಒಳರಚನೆಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಸ್ಕ್ರೈಬಸ್ ಮತ್ತು ಇಂಕ್‌ಸ್ಕೇಪುಗಳ ಕಡತಗಳು ಸಾಮಾನ್ಯ ಪಠ್ಯದ ರೂಪದಲ್ಲಿರುವುದರಿಂದ, ಆ ತಂತ್ರಾಂಶವೇ ಇಲ್ಲವಾದರೂ ಒಳಗಿನ ಮಾತನ್ನು ಹೆಕ್ಕಿ ತೆಗೆಯಬಹುದು. ಕೊರತೆಗಳೂ ಇವೆ. ಸ್ಕ್ರೈಬಸ್ ಒರಟು, ಇನ್‌ಡಿಸೈನಿನಲ್ಲಿ ಒಂದು ಗುಂಡಿ ಒತ್ತಿ ಆಗುವ ಕೆಲಸಕ್ಕೆ ಇಲ್ಲಿ ಮೂರು ಸುತ್ತು ಸುತ್ತಬೇಕು. ಗಿಂಪ್ ಬಹುಕಾಲ ಮುದ್ರಣದ ನಾಲ್ಕು ಬಣ್ಣಗಳ ಕ್ರಮಕ್ಕೆ ಒಗ್ಗದೆ ಇತ್ತು. ಕೊಳ್ಳುವುದೇ ಬೇಕೆನ್ನುವವರಿಗೆ, ನಮ್ಮ ಫಲಕ ಬರೆಯುವವರೂ ಲಗ್ನಪತ್ರಿಕೆಯವರೂ ಬಲ್ಲ ಕೋರೆಲ್‌ಡ್ರಾ ಇದೆ. ಕೆನಡಾದಲ್ಲಿ 1989ರಲ್ಲಿ ಹುಟ್ಟಿದ ಅದು ಚಂದಾದ ಕಾಲ ಬಂದ ಮೇಲೂ ಒಂದೇ ಸಲದ ಮಾರಾಟವನ್ನು ಕೈಬಿಡದೆ ಬಂದಿತು.

ಕನ್ನಡದವರಿಗೆ ಇವೆಲ್ಲಕ್ಕಿಂತ ಮೊದಲಿನ ಪರೀಕ್ಷೆ ಒಂದಿದೆ. 'ಅರ್ಥ' ಎಂಬ ಪದವನ್ನು ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅಕಾರ, ಅನಂತರ ರಕಾರ, ಅದಕ್ಕೆ ವಿರಾಮದ ಚಿಹ್ನೆ, ಆಮೇಲೆ ಥಕಾರ, ಹೀಗೆ ಉಚ್ಚಾರದ ಕ್ರಮದಲ್ಲೇ ಅಕ್ಷರಗಳು ಶೇಖರವಾಗಿರುತ್ತವೆ. ಆದರೆ ಅಚ್ಚಿನಲ್ಲಿ ಮೊದಲು ಥಕಾರ ಮೂಡಬೇಕು, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ನಿಲ್ಲಬೇಕು. 'ರಾಷ್ಟ್ರ' ಎಂಬಲ್ಲಿ ಷಕಾರದ ಕೆಳಗೆ ಟಕಾರವೂ ರಕಾರವೂ ಒತ್ತಾಗಿ ಇಳಿಯಬೇಕು. ಈ ಸ್ಥಾನಪಲ್ಲಟವನ್ನು ಮಾಡುವುದು ಫಾಂಟೊಂದೇ ಅಲ್ಲ. ತಂತ್ರಾಂಶದೊಳಗಿನ ಜೋಡಣೆಯ ಯಂತ್ರ. ಇಂಗ್ಲಿಷಿಗಾಗಿ ಹುಟ್ಟಿದ ತಂತ್ರಾಂಶಕ್ಕೆ ಅದು ಬೇಕಿಲ್ಲ. ಅಫಿನಿಟಿಯ ಮೊದಲ ಆವೃತ್ತಿಗೆ ಇದು ಬರುತ್ತಿರಲಿಲ್ಲ. ಅದರಲ್ಲಿ ಕನ್ನಡ ಒಡೆದು, ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಲೋಕವೆಲ್ಲ ಹೊಗಳಿದ ಸಾಧನ ನಮಗೆ ಮುಖಪುಟದ ಚಿತ್ರಕ್ಕಷ್ಟೇ ಒದಗಿತು. ಸ್ಕ್ರೈಬಸ್ಸಿಗೆ ಹಾರ್ಫ್‌ಬಜ಼್ ಎಂಬ ಸ್ವತಂತ್ರ ಜೋಡಣೆಯ ಯಂತ್ರ 2017ರ ಪ್ರಾಯೋಗಿಕ ಆವೃತ್ತಿಯಲ್ಲಿ ಸೇರಿತು. 2024ರ ಜನವರಿಯಲ್ಲಿ ಬಂದ 1.6 ಎಂಬ ಸ್ಥಿರ ಆವೃತ್ತಿಯಲ್ಲಿ ಎಲ್ಲರ ಕೈಗೂ ಬಂತು. ಇಂಕ್‌ಸ್ಕೇಪೂ ಅದೇ ಯಂತ್ರವನ್ನು ಬಳಸುತ್ತದೆ. ಆದ್ದರಿಂದ ಯಾವ ಸಾಧನವನ್ನಾದರೂ ಒಪ್ಪಿಕೊಳ್ಳುವ ಮೊದಲು ಸ್ತ್ರೀ, ಕರ್ತೃ, ವೈಶಿಷ್ಟ್ಯ, ಮರ್ತ್ಯ, ಲಕ್ಷ್ಮಿ, ಶಾಸ್ತ್ರೀಯ ಎಂಬ ಆರು ಪದಗಳನ್ನು ಅದರಲ್ಲಿ ಬರೆದು, ಪಿ.ಡಿ.ಎಫ್. ಮಾಡಿ, ಕಾಗದದ ಮೇಲೆ ಅಚ್ಚು ತೆಗೆದು ನೋಡಬೇಕು. ತೆರೆಯ ಮೇಲೆ ಸರಿಯಾಗಿದ್ದದ್ದು ಕಾಗದದ ಮೇಲೆ ತಪ್ಪುವುದುಂಟು.

ಇನ್ನು ಮನೆ ಬದಲಿಸುವ ಕ್ರಮ. ಚಂದಾ ನಿಲ್ಲಿಸಿದ ಮೇಲೆ ಸಾಮಾನು ಸಾಗಿಸಲು ಬರುವುದಿಲ್ಲ. ಇನ್ನೂ ಚಂದಾ ಇರುವಾಗಲೇ ಪ್ರತಿಯೊಂದು ಪುಸ್ತಕವನ್ನೂ ಐ.ಡಿ.ಎಂ.ಎಲ್. ಆಗಿ, ಪಿ.ಡಿ.ಎಫ್. ಆಗಿ, ಬರಿಯ ಯೂನಿಕೋಡ್ ಪಠ್ಯವಾಗಿ ಮೂರು ರೂಪದಲ್ಲಿ ತೆಗೆದಿಡಬೇಕು. ಬಳಸಿದ ಫಾಂಟುಗಳನ್ನೂ ಜೊತೆಗಿಡಬೇಕು. ಬಾಡಿಗೆಯ ಫಾಂಟಾಗಿದ್ದರೆ ಅದೂ ಚಂದಾದೊಡನೆ ಹೊರಟುಹೋಗುತ್ತದೆ. ಗೂಗಲ್ಲಿನವರ ನೋಟೊ ಸೆರಿಫ್ ಕನ್ನಡ, ಟೀರೊ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟುಗಳಿಗೆ ಆ ಭಯವಿಲ್ಲ. ಅರ್ಧ ಕಟ್ಟಿದ ಪುಸ್ತಕವನ್ನು ಎಂದೂ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಬಾರದು. ಪಠ್ಯವೂ ಶೈಲಿಯೂ ಬರುತ್ತವೆ. ಸಾಲು ಮುರಿಯುವ ಜಾಗ ಬದಲಾಗುತ್ತದೆ. ಗದ್ಯದಲ್ಲಿ ಇದರಿಂದ ಪುಟಸಂಖ್ಯೆ ಜಾರಿ ಪದಸೂಚಿ ಕೆಡುತ್ತದೆ. ಪದ್ಯದಲ್ಲಿ ಕೆಡುವುದು ಪದ್ಯವೇ. ರಗಳೆಯ ಉದ್ದನೆಯ ಸಾಲೊಂದು ಅಂಚಿಗೆ ತಾಗಿ ಮುರಿದು ಕೆಳಗೆ ಬಿದ್ದರೆ, ಅದು ಕವಿಯ ಸಾಲೋ ಯಂತ್ರದ ಸಾಲೋ ಎಂದು ಮುಂದಿನ ಓದುಗನಿಗೆ ತಿಳಿಯುವುದು ಹೇಗೆ? ಹೊಸ ಪುಸ್ತಕವನ್ನು ಹೊಸ ಸಾಧನದಲ್ಲಿ ಆರಂಭಿಸಬೇಕು, ಹಳೆಯದನ್ನು ಹಳೆಯದರಲ್ಲಿ ಮುಗಿಸಬೇಕು.

ಹಳೆಯ ಪೇಜ್‌ಮೇಕರ್ ಕಡತಗಳದು ಬೇರೆಯೇ ಕಷ್ಟ. ಪೇಜ್‌ಮೇಕರ್ ಅಥವಾ ಸಿ.ಎಸ್. 6 ಇನ್ನೂ ಜೀವಂತವಾಗಿರುವ ಗಣಕವೊಂದನ್ನು ಮೊದಲು ಹುಡುಕಬೇಕು. ಧೂಳು ಹಿಡಿದ ಅಂಥ ಒಂದು ಯಂತ್ರ ಹಳೆಯ ಅಂಗಡಿಯೊಂದರ ಮೂಲೆಯಲ್ಲಿ ಸಿಕ್ಕುವ ಸಂಭವವಿದೆ. ಪಠ್ಯವನ್ನು ಹೊರತೆಗೆದು, ಆ ಫಾಂಟಿಗೆ ಹೊಂದುವ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಬಹುದು. ನುಡಿಯ ಅಕ್ಷರಗಳಿಂದ ತಿರುಗಿಸುವ ಪರಿವರ್ತಕಗಳು ಸುಲಭವಾಗಿ ದೊರೆಯುತ್ತವೆ. ಆದರೆ ಲೇಖನದ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಅವು ಕನ್ನಡದ ತುಂಡುಗಳೆಂದೇ ತಿಳಿದು ವಿಚಿತ್ರವಾದ ಪದಗಳನ್ನು ಹುಟ್ಟಿಸುತ್ತವೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ದೀರ್ಘ ಕಳಚಿರುತ್ತದೆ. ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸದೆ ಬೇರೆ ದಾರಿಯಿಲ್ಲ. ನಮ್ಮ ಸಂಘದಲ್ಲಿ ಈ ಕೆಲಸಕ್ಕೆ ನಾವು ನಾಲ್ವರು ನಿವೃತ್ತ ಅಧ್ಯಾಪಕರು ವಾರಕ್ಕೆ ಎರಡು ಮಧ್ಯಾಹ್ನ ಕೂಡುತ್ತೇವೆ. ಒಬ್ಬರು ಮುದ್ರಿತ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ತೆರೆಯನ್ನು ನೋಡುತ್ತಾರೆ; ಗಂಟೆಗೆ ಹತ್ತು ಹನ್ನೆರಡು ಪುಟ ಸಾಗುತ್ತದೆ.